ಮೊದಲು ವಾಟರ್‌ಫಾಲ್ ನೋಡಿ, ಆಮೇಲೆ ಕರೆಯಿರಿ

ಮಲವಗೊಪ್ಪದ ಕಡೆ ಹೊಸದಾಗಿ ಎಫ್‌ಟಿ8 ಎಂಬ ಡಿಜಿಟಲ್ ವಿಧಾನದ ಸಂದೇಶ ಹಿಡಿಯಲು ಹೊರಟ ಹ್ಯಾಮ್ ಗೆಳೆಯರೇ, ಆತುರ ಬೇಡ. ರೇಡಿಯೊವನ್ನು 14.074 ಮೆಗಾಹರ್ಟ್ಸ್‌ಗೆ ಇಟ್ಟು, ಕಂಪ್ಯೂಟರಿನಲ್ಲಿ ಮೂಡುವ ವಾಟರ್‌ಫಾಲ್ ಚಿತ್ರವನ್ನು ಅರ್ಧ ಗಂಟೆ ಸುಮ್ಮನೆ ನೋಡಿ. 15 ಸೆಕೆಂಡಿನ ಸರದಿಯಲ್ಲಿ ಬಂದು ಹೋಗುವ, ಸುಮಾರು 50 ಹರ್ಟ್ಸ್ ಅಗಲದ ಪಟ್ಟಿಗಳೇ ಸಂದೇಶಗಳು. ಬಿಡುವೇ ಇಲ್ಲದೆ ಉದ್ದಕ್ಕೂ ಇಳಿಯುವ ಗೆರೆ ಹೆಚ್ಚಾಗಿ ಮನೆಯ ಎಲ್‌ಇಡಿ ಬಲ್ಬಿನದೋ ಚಾರ್ಜರಿನದೋ ಗದ್ದಲ. ರೇಡಿಯೊ, ಲ್ಯಾಪ್‌ಟಾಪ್ ಎರಡನ್ನೂ ಬ್ಯಾಟರಿಗೆ ಹಾಕಿ ಮೇನ್ ಸ್ವಿಚ್ ಆರಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ. (ಧಾರಾವಾಹಿಯ ಹೊತ್ತಿನಲ್ಲಿ ಈ ಸಾಹಸ ಬೇಡ.)

ಅಗ್ಗದ ಎಸ್‌ಡಿಆರ್ (ಸಾಫ್ಟ್‌ವೇರ್ ರೇಡಿಯೊ) ಡಾಂಗಲ್ ಇಟ್ಟುಕೊಂಡವರಿಗೆ ನಮ್ಮ ಭಾಗದಲ್ಲಿ ಇನ್ನೊಂದು ತೊಡಕುಂಟು. ಪಕ್ಕದಲ್ಲೇ ಆಕಾಶವಾಣಿ ಭದ್ರಾವತಿಯ 675 ಕಿಲೊಹರ್ಟ್ಸ್ ಮಧ್ಯಮ ತರಂಗ. ಅಷ್ಟು ಹತ್ತಿರದ ಅಲೆ ಡಾಂಗಲಿಗೆ ಹೆಚ್ಚಾದರೆ ಇಲ್ಲದ ಕಡೆಯೆಲ್ಲ ಸುಳ್ಳು ಗೆರೆಗಳು ಏಳುತ್ತವೆ. ಗೇನ್ ಇಳಿಸಿ, ಸಾಲದಿದ್ದರೆ ಮಧ್ಯಮ ತರಂಗ ತಡೆಯುವ ಫಿಲ್ಟರ್ ಹಾಕಿ.

15 ಸೆಕೆಂಡಿನ ಸರದಿ ತಪ್ಪದಿರಲು ಕಂಪ್ಯೂಟರಿನ ಗಡಿಯಾರ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪಿರಬಾರದು. ಪ್ರಸಾರಕ್ಕೆ ಇಳಿದಾಗ ಆಡಿಯೊ ಮಟ್ಟ ಏರಿಸುವ ಆಸೆಯನ್ನೂ ಬಿಡಿ. ಮಟ್ಟ ಮೀರಿದರೆ ವಾಟರ್‌ಫಾಲ್‌ನ 700 ಹರ್ಟ್ಸ್‌ನಲ್ಲಿರುವ ನೀವು 1400, 2100ರಲ್ಲೂ ಕಾಣಿಸಿಕೊಂಡು ಬೇರೆಯವರ ಜಾಗ ಕೆಡಿಸುತ್ತೀರಿ. ರೇಡಿಯೊದ ಎಎಲ್‌ಸಿ (ಮಟ್ಟ ಮೀರದಂತೆ ತಡೆಯುವ ವ್ಯವಸ್ಥೆ) ಮುಳ್ಳು ಕದಲದಷ್ಟಕ್ಕೆ ನಿಲ್ಲಿಸಿ, 1500ರ ಮೇಲೆ ಖಾಲಿ ಜಾಗ ಹುಡುಕಿ. ಪರವಾನಗಿ ಕೈಗೆ ಬರುವವರೆಗೆ ಮಾತ್ರ ಪ್ರಸಾರದ ಗುಂಡಿ ಮುಟ್ಟಬೇಡಿ.