ಹಂದಿಗೋಡು ಕಾಯಿಲೆ: ಔಷಧಿ ಇಲ್ಲದಿದ್ದರೂ ಹಕ್ಕುಗಳಿವೆ

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ಕೀಲುಮೂಳೆ ಕಾಯಿಲೆಗೆ ಆ ಊರಿನ ಹೆಸರೇ ಉಳಿದುಬಿಟ್ಟಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಬಡ ದಲಿತ ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತಿದೆ. ಸೊಂಟ ಮತ್ತು ಮಂಡಿಯ ಕೀಲುಗಳು ಸವೆಯುತ್ತವೆ, ಕೆಲವರು ಕುಳ್ಳಾಗಿಯೇ ಉಳಿಯುತ್ತಾರೆ. ಗುಣಪಡಿಸುವ ಔಷಧಿ ಇಲ್ಲ. ಆದರೆ ಕಾನೂನು ಈ ಕುಟುಂಬಗಳ ಕೈಬಿಟ್ಟಿಲ್ಲ.

ಯಾವ ಕಾಯ್ದೆ?

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಒಟ್ಟು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರಲ್ಲಿ ಹಂದಿಗೋಡು ಕಾಯಿಲೆಯ ಹೆಸರಿಲ್ಲ. ಚಲನವೈಕಲ್ಯ ಮತ್ತು ಕುಬ್ಜತೆ ಇವೆ. ವಯಸ್ಕರ ಎತ್ತರ 147 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಕುಬ್ಜತೆ. ಎತ್ತರ ಸರಿಯಾಗಿದ್ದು ಕೀಲು ಹಾಳಾಗಿದ್ದರೆ ಅದು ಚಲನವೈಕಲ್ಯ. ‘ನಿಮ್ಮ ರೋಗ ಪಟ್ಟಿಯಲ್ಲಿಲ್ಲ’ ಎಂಬ ಮಾತು ಕೇಳಿ ಹಿಂದಿರುಗಬೇಡಿ. ಅಳೆಯುವುದು ವೈಕಲ್ಯವನ್ನು, ರೋಗದ ಹೆಸರನ್ನಲ್ಲ.

ಯುಡಿಐಡಿ ಕಾರ್ಡ್ ಪಡೆಯುವುದು

ಯುಡಿಐಡಿ ಎಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಇದಕ್ಕೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ. ಆಧಾರ್, ಫೋಟೊ, ಹಳೆಯ ಎಕ್ಸ್‌ರೇ, ಚಿಕಿತ್ಸೆಯ ಚೀಟಿಗಳು ಜೊತೆಗಿರಲಿ. ವೈಕಲ್ಯ ಅಳೆಯುವ ವೈದ್ಯಕೀಯ ತಪಾಸಣೆಯ ದಿನ ನೋವು ನುಂಗಿಕೊಂಡು ಗಟ್ಟಿಯಾಗಿ ನಡೆದು ತೋರಿಸಬೇಡಿ. ಕುಕ್ಕರಗಾಲಲ್ಲಿ ಕೂರಲಾಗುವುದಿಲ್ಲ, ಮಂಡಿಗೆ ಕೈ ಊರದೆ ಏಳಲಾಗುವುದಿಲ್ಲ, ತೋಟದ ಧರೆ ಹತ್ತಲಾಗುವುದಿಲ್ಲ ಎಂದು ಬಿಡಿಸಿ ಹೇಳಿ.

ವೈಕಲ್ಯದ ಪ್ರಮಾಣ ಶೇ 40ರಿಂದ 80ರೊಳಗಿನವರಿಗೆ ಹಳದಿ, 80 ಮತ್ತು ಮೇಲ್ಪಟ್ಟವರಿಗೆ ನೀಲಿ ಕಾರ್ಡ್ ಸಿಗುತ್ತದೆ. ಶೇಕಡಾವಾರು ಕಡಿಮೆ ಬಂತೆನಿಸಿದರೆ ಕಾಯ್ದೆಯ 59ನೇ ಕಲಂ ಪ್ರಕಾರ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ 90 ದಿನಗಳ ಗಡುವಿದೆ.

ಶೇ 40 ಮತ್ತು ಮೇಲ್ಪಟ್ಟವರಿಗೆ ಏನೇನು?

* 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ
* ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ಸರ್ಕಾರಿ ಉದ್ಯೋಗದಲ್ಲಿ ಕನಿಷ್ಠ ಶೇ 4 ಹುದ್ದೆ
* ಕೃಷಿ ಭೂಮಿ ಮತ್ತು ವಸತಿ ಹಂಚಿಕೆಯ ಯೋಜನೆಗಳಲ್ಲಿ ಶೇ 5 ಮೀಸಲು, ಮಹಿಳೆಯರಿಗೆ ಆದ್ಯತೆ
* ಆದಾಯ ಮಿತಿಗೆ ಒಳಪಟ್ಟು ಮಾಸಾಶನ. ನಾಡಕಚೇರಿಯಲ್ಲಿ ಅರ್ಜಿ ಹಾಕಿ

ಕೂಲಿಯನ್ನೇ ನಂಬಿದ ಮನೆಯಲ್ಲಿ ದುಡಿಯುವವರ ಸೊಂಟ ಬಿದ್ದರೆ ಒಲೆ ಆರುತ್ತದೆ. ಆದ್ದರಿಂದ ಭೂಮಿ ಮತ್ತು ಮನೆಯ ಮೀಸಲನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ.

ಅವಮಾನವಾದರೆ

ಜನರೆದುರು ಬೇಕೆಂದೇ ವಿಕಲಚೇತನರನ್ನು ಅವಮಾನಿಸುವುದು 92ನೇ ಕಲಂ ಅಡಿ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದು. ಸೌಲಭ್ಯ ನಿರಾಕರಿಸಿದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ.

ವಕೀಲರ ಶುಲ್ಕದ ಚಿಂತೆ ಬೇಡ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987 ವಿಕಲಚೇತನರಿಗೂ ಪರಿಶಿಷ್ಟ ಜಾತಿಯವರಿಗೂ ಆದಾಯ ನೋಡದೆ ಉಚಿತ ನೆರವು ಕೊಡುತ್ತದೆ. ಸಹಾಯವಾಣಿ ಸಂಖ್ಯೆ 15100. ಓದು ಬರಹ ಬಲ್ಲವರು ನಿಮ್ಮೂರಿನ ಒಂದು ಕುಟುಂಬಕ್ಕಾದರೂ ಯುಡಿಐಡಿ ಅರ್ಜಿ ತುಂಬಿಕೊಡಿ.