ಕೈಬಿಟ್ಟ ಯಂತ್ರಕ್ಕೊಂದು ಕನ್ನಡ ಪರದೆ

ನಮ್ಮ ಕಾತ್ರಜದ ಕೆರೆಯ ನೀರು ಹಿಂದೆ ಎಲ್ಲಿಗೆ ಹೋಗುತ್ತಿತ್ತೆಂಬುದನ್ನು ಇಲ್ಲಿ ನೆಲೆಸಿದ ವಾಚಕರಲ್ಲಿ ಹಲವರು ಬಲ್ಲರು. 18ನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯವರ ಕಾಲದಲ್ಲಿ ಕಟ್ಟಿದ ನೆಲದಡಿಯ ಕಾಲುವೆಯು ಅದನ್ನು ಶನಿವಾರವಾಡೆಗೂ ಪೇಟೆಯ ಹೌದಗಳಿಗೂ ಮುಟ್ಟಿಸುತ್ತಿತ್ತು. ನೀರು ನಿಲ್ಲುವ ಸ್ಥಳ ಒಂದು, ಕೊಡ ತುಂಬುವ ಸ್ಥಳ ಮತ್ತೊಂದು. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಈ ಸಲದ ಪಾಠ ಅರ್ಧ ತಿಳಿದಂತೆಯೇ.

ವಾಚನಾಲಯಕ್ಕೆ ಬರುವ ಗುಮಾಸ್ತರೊಬ್ಬರಿಗೆ ಗುಜರಿಯಲ್ಲಿ ತೂಕದ ಬೆಲೆಗೆ ಒಂದು ಹಳೆಯ ಸನ್ ವರ್ಕ್‌ಸ್ಟೇಷನ್ ಸಿಕ್ಕಿದೆ. ಮನೆಯಲ್ಲಿರುವ ಒಂದೇ ಗಣಕದಲ್ಲಿ ಅವರು ರಾತ್ರಿ ಲೆಕ್ಕಪತ್ರ ಬರೆಯುತ್ತಾರೆ. ಮಗಳು ಓದುವುದು ಮರಾಠಿ ಶಾಲೆಯಲ್ಲಿ. ಅದೇ ಹೊತ್ತಿಗೆ ಅವಳಿಗೆ ಕನ್ನಡ ಓದಿಸಬೇಕೆಂಬುದು ಅವರ ಹಂಬಲ. ಎರಡನೆಯ ಗಣಕವನ್ನು ಕೊಳ್ಳಲು ಸಂಬಳದಲ್ಲಿ ಉಳಿಯುವುದಿಲ್ಲ. ಈ ಹಳೆಯದರಿಂದ ಕೆಲಸವಾದೀತೇ ಎಂಬುದು ಅವರ ಪ್ರಶ್ನೆ. ಆಗುತ್ತದೆ ಎಂದೇ ನಮ್ಮ ಉತ್ತರ, ಹೇಗೆಂಬುದನ್ನು ವಿವರಿಸುವೆವು.

ಯಂತ್ರವು ಸ್ಪಾರ್ಕ್‌ಸ್ಟೇಷನ್ 5 ಎಂಬ ಜಾತಿಯದು, 1994ರಲ್ಲಿ ಹೊರಬಂದದ್ದು. ತಯಾರಕರ ಸೊಲಾರಿಸ್ ವ್ಯವಸ್ಥೆಯಲ್ಲಿ 2002ರ 9ನೆಯ ಆವೃತ್ತಿಯೇ ಇದಕ್ಕೆ ಕೊನೆಯದು. 2005ರ 10ನೆಯ ಆವೃತ್ತಿಗೆ 64 ಬಿಟ್‌ನ ಯಂತ್ರವೇ ಬೇಕು. 2010ರಲ್ಲಿ ಸನ್ ಕಂಪನಿಯೇ ಒರಾಕಲ್ಲಿನಲ್ಲಿ ಲೀನವಾಯಿತು. ಆದರೆ ತಯಾರಕರು ಕೈಬಿಟ್ಟರೆಂದು ಯಂತ್ರ ಸತ್ತಂತಲ್ಲ. ಉಚಿತವಾಗಿ ದೊರೆಯುವ ನೆಟ್‌ಬಿಎಸ್‌ಡಿ ವ್ಯವಸ್ಥೆಯ 2024ರ 10ನೆಯ ಆವೃತ್ತಿಯೂ ಇದರ ಮೇಲೆ ನಡೆಯುತ್ತದೆ.

ಇನ್ನು ಪರದೆಯ ವಿಷಯ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ 1984ರಲ್ಲಿ ಎಕ್ಸ್ ಎಂಬ ಕಿಟಕಿ ವ್ಯವಸ್ಥೆ ಹುಟ್ಟಿತು. ಅದರ 11ನೆಯ ರೂಪ ಬಂದದ್ದು 1987ರಲ್ಲಿ. ಇಂದಿಗೂ ಬಳಕೆಯಲ್ಲಿರುವುದು ಅದೇ 11. ಇದರಲ್ಲಿ ಪ್ರೋಗ್ರಾಂ ನಡೆಯುವ ಯಂತ್ರ ಬೇರೆ, ಚಿತ್ರ ಮೂಡುವ ಯಂತ್ರ ಬೇರೆ ಆಗಿರಬಹುದು. ವಾಚಕರು ಎಡವುವುದು ಒಂದು ಹೆಸರಿನಲ್ಲಿ. ಸರ್ವರ್ ಎಂದೊಡನೆ ದೂರದ ಕೋಣೆಯ ದೊಡ್ಡ ಯಂತ್ರವೆಂದು ಭಾವಿಸುತ್ತೇವಲ್ಲವೇ? ಇಲ್ಲಿ ಹಾಗಲ್ಲ. ಪರದೆ, ಕೀಲಿಮಣೆ, ಮೌಸುಗಳನ್ನು ಒದಗಿಸಿ ಸೇವೆ ಮಾಡುವುದು ನಮ್ಮೆದುರಿನ ಯಂತ್ರ. ಆದುದರಿಂದ ಎಕ್ಸ್ ಸರ್ವರ್ ನಡೆಯತಕ್ಕದ್ದು ಅದರಲ್ಲಿಯೇ. ದುಡಿಯುವ ಪ್ರೋಗ್ರಾಂ ಹೊಸ ಗಣಕದಲ್ಲಿದ್ದು, ಅದು ಗಿರಾಕಿ ಎನಿಸುತ್ತದೆ. ಹೊಸ ಗಣಕ ಕೆರೆ, ಸನ್ ಯಂತ್ರ ಹೌದ.

ಕನ್ನಡಕ್ಕೆ ಇದರಿಂದ ಬಹಳ ಉಪಕಾರವಾಗಿದೆ. ಎಕ್ಸ್‌ನ ಹಳೆಯ ಪದ್ಧತಿಯಲ್ಲಿ ಅಕ್ಷರಶೈಲಿಗಳು ಸರ್ವರಿನಲ್ಲಿಯೇ ಇರುತ್ತಿದ್ದವು. ಒಂದು ಸಂಖ್ಯೆಗೆ ಒಂದು ಆಕಾರ, ಅಷ್ಟೇ. ಇಂಗ್ಲಿಷಿಗೆ ಅದು ಸಾಕು. ನಮ್ಮ ಒತ್ತಕ್ಷರಕ್ಕೆ, ಅರ್ಕಾವತ್ತಿಗೆ ಸಾಲದು: 'ಸೂರ್ಯ' ಎಂದು ಬರೆಯುವಾಗ ಮೊದಲು ಉಚ್ಚರಿಸುವ ರಕಾರವು ಯಕಾರದ ನಂತರ ಹೋಗಿ ಕುಳಿತುಕೊಳ್ಳಬೇಕಲ್ಲವೇ! ನಮ್ಮ ಪುಣೆಯಲ್ಲಿಯೇ 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ಜಿಸ್ಟ್ ಕಾರ್ಡು ಮತ್ತು ಟರ್ಮಿನಲ್ಲುಗಳಲ್ಲಿ ಈ ಜೋಡಣೆಯ ಜ್ಞಾನವನ್ನು ಪರದೆಯ ಬದಿಯ ಉಪಕರಣದೊಳಗೇ ಇಟ್ಟಿತ್ತು. ಆ ಕಾಲಕ್ಕೆ ಅದು ಜಾಣತನದ ದಾರಿ. ಇಂದಿನ ಪ್ರೋಗ್ರಾಂಗಳು ಇದಕ್ಕೆ ತಿರುವುಮುರುವಾಗಿ, ಯೂನಿಕೋಡ್ ಪಠ್ಯವನ್ನು ತಮ್ಮಲ್ಲಿಯೇ ಜೋಡಿಸಿ, ಸಿದ್ಧವಾದ ಅಕ್ಷರಚಿತ್ರವನ್ನು ಮಾತ್ರ ಕಳುಹಿಸುತ್ತವೆ. ಆದುದರಿಂದ ಸನ್ ಯಂತ್ರಕ್ಕೆ ಕನ್ನಡದ ಒಂದಕ್ಷರವೂ ಗೊತ್ತಿರಬೇಕಾಗಿಲ್ಲ. ಕನ್ನಡವು ಹೊಸ ಗಣಕದಲ್ಲಿದ್ದರಾಯಿತು.

ಯಂತ್ರವನ್ನು ಎಬ್ಬಿಸುವಾಗ ಮೊದಲ ತೊಡಕು ಬರುವುದು ಗಡಿಯಾರದ ಚಿಪ್ಪಿನಿಂದ. ಅದರೊಳಗೇ ಹುದುಗಿಸಿದ ಬ್ಯಾಟರಿಯು ಇಷ್ಟು ವರ್ಷಗಳಲ್ಲಿ ತೀರಿಹೋಗಿರುತ್ತದೆ. ಆಗ ಯಂತ್ರವು ದಿನಾಂಕವನ್ನಷ್ಟೇ ಅಲ್ಲ, ತನ್ನ ಜಾಲದ ವಿಳಾಸವನ್ನೂ ಮರೆಯುತ್ತದೆ. ಇದನ್ನು ಕಂಡು ಯಂತ್ರ ಕೆಟ್ಟಿತೆಂದು ತಿಳಿದು ಗುಜರಿಗೆ ಹಾಕಿದವರೇ ಹೆಚ್ಚಿರಬೇಕೆಂದು ನಮಗನಿಸುತ್ತದೆ. ಚಿಪ್ಪು ಗೂಡಿನಲ್ಲಿ ಕುಳಿತಿರುವುದರಿಂದ ಕಿತ್ತು ಬದಲಿಸಬಹುದು. ಅದು ಸಿಗುವವರೆಗೆ, ಪ್ರತಿ ಸಲ ವಿದ್ಯುತ್ ಹಾಕಿದಾಗ ವಿಳಾಸವನ್ನು ಕೈಯಿಂದ ಬರೆದುಕೊಟ್ಟರೂ ನಡೆಯುತ್ತದೆ. ಮಾನಿಟರಿನ ಕೊಂಡಿಯೂ ಸಾಮಾನ್ಯದ್ದಲ್ಲ. 13 ತಂತಿಗಳ ಅದಕ್ಕೆ ಅಡಾಪ್ಟರ್ ಬೇಕು, ಮತ್ತು ಮಾನಿಟರು ಸನ್ ಯಂತ್ರದ ಸಂಜ್ಞೆಯನ್ನು ಒಪ್ಪುವಂಥದಾಗಿರಬೇಕು.

ನಿರೀಕ್ಷೆಯ ಲೆಕ್ಕವನ್ನೂ ಹಾಕೋಣ. ಪರದೆಯಲ್ಲಿ ಅಡ್ಡಕ್ಕೆ 1152, ಉದ್ದಕ್ಕೆ 900 ಚುಕ್ಕೆಗಳು. 256 ಬಣ್ಣಗಳಾದರೆ ಚುಕ್ಕೆಗೆ ಒಂದು ಬೈಟ್. ಪೂರ್ತಿ ಪರದೆಗೆ 10,36,800 ಬೈಟ್, ಎಂದರೆ ಸುಮಾರು 83 ಲಕ್ಷ ಬಿಟ್. ಯಂತ್ರದ ಜಾಲದ ವೇಗ ಸೆಕೆಂಡಿಗೆ 1 ಕೋಟಿ ಬಿಟ್. ಹೆಚ್ಚುಕಡಿಮೆ ಒಂದು ಸೆಕೆಂಡಿಗೆ ಒಂದು ಪುಟ! ಕಥೆ ಓದಲು, ಪತ್ರ ಬರೆಯಲು ಧಾರಾಳವಾಯಿತು. ಸಿನೆಮಾದ ಆಸೆಯನ್ನು ಬಿಡತಕ್ಕದ್ದು. ಬಣ್ಣಗಳು ಕಡಿಮೆಯಿರುವುದರಿಂದ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋದಾಗ ಬಣ್ಣ ಕೆಡುವುದುಂಟು. ಇಂದಿನ ಕೆಲವು ಪ್ರೋಗ್ರಾಂಗಳು ಇಂಥ ಪರದೆಯನ್ನು ಒಪ್ಪುವುದೇ ಇಲ್ಲ. 2008ರಲ್ಲಿ ಆರಂಭವಾದ ವೇಲ್ಯಾಂಡ್ ಪದ್ಧತಿಯನ್ನು ಮಾತ್ರ ಬಲ್ಲ ಪ್ರೋಗ್ರಾಂಗಳೂ ಇಲ್ಲಿಗೆ ಬಾರವು. ಸಾದಾ ಪಠ್ಯ ಸಂಪಾದಕದಿಂದ ಆರಂಭಿಸುವುದು ಲೇಸು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ. ಯಾರು ಬೇಕಾದರೂ ಬರಲೆಂದು ಎಕ್ಸ್ ಸರ್ವರಿನ ಬಾಗಿಲನ್ನು ಪೂರ್ತಿ ತೆರೆದಿಡುವ ಸಲಹೆಯನ್ನು ಹಲವರು ಕೊಡುತ್ತಾರೆ. ಹಾಗೆ ಮಾಡಿದರೆ ಅದೇ ಜಾಲದಲ್ಲಿರುವ ಅನ್ಯರು ನೀವು ಒತ್ತಿದ ಪ್ರತಿ ಕೀಲಿಯನ್ನೂ, ಬ್ಯಾಂಕಿನ ಗುಪ್ತಪದವನ್ನೂ ಓದಬಲ್ಲರು. ಗೂಢಲಿಪಿಯಲ್ಲಿ ಕಳುಹಿಸೋಣವೆಂದರೆ 85 ಮೆಗಾಹರ್ಟ್ಸಿನ ಯಂತ್ರ ಏದುಸಿರು ಬಿಡುತ್ತದೆ. ಆದುದರಿಂದ ಎರಡು ಯಂತ್ರಗಳ ನಡುವೆ ಬೇರೆಯೇ ಒಂದು ತಂತಿಯನ್ನು ಎಳೆದು, ಅದಕ್ಕೆ ಹೊರಗಿನ ಜಾಲದ ಸಂಪರ್ಕ ಕೊಡದೆ, ಹೊಸ ಗಣಕವೊಂದಕ್ಕೇ ಅನುಮತಿ ಕೊಡಬೇಕು. ಬ್ಯಾಂಕಿನ ವ್ಯವಹಾರವನ್ನು ಹೊಸ ಗಣಕದ ಮುಂದೆಯೇ ಕುಳಿತು ಮಾಡತಕ್ಕದ್ದು. ಮಗಳ ಕನ್ನಡ ಪುಸ್ತಕ ಸನ್ ಯಂತ್ರದ ಪರದೆಯ ಮೇಲಿರಲಿ.