ಸ್ವಾಪ್‌ಗೆ ಎಷ್ಟು ಜಾಗ?

ರಬಕವಿ-ಬನಹಟ್ಟಿಯಲ್ಲಿ ಸೀರೆಯ ಡಿಸೈನ್ ಬಿಡಿಸುವವರಿರಲಿ, ಜಮಖಂಡಿ, ಮುಧೋಳ, ಬೀಳಗಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟವರಿರಲಿ, ಕಂಪ್ಯೂಟರಿಗೆ ಲಿನಕ್ಸ್ ಹಾಕುವಾಗ ಒಂದು ಮಾತು ನೆನಪಿಡಿ. ರ್‍ಯಾಮ್ ಸಾಲದಾದಾಗ ಲಿನಕ್ಸ್ ಬಳಸಿಕೊಳ್ಳುವ ಡಿಸ್ಕಿನ ಜಾಗವೇ ಸ್ವಾಪ್. ಸ್ವಾಪ್ ರ್‍ಯಾಮ್‌ನ ಎರಡು ಪಟ್ಟು ಇರಬೇಕೆಂಬ ಲೆಕ್ಕ ಮೆಗಾಬೈಟ್‌ಗಳ ಕಾಲದ್ದು. ಈಗ ರ್‍ಯಾಮ್ 4 ಜಿಬಿ ಇರಲಿ, 16 ಇರಲಿ, ದಿನದ ಕೆಲಸಕ್ಕೆ 4 ಜಿಬಿ ಸ್ವಾಪ್ ಸಾಕು. ಹೈಬರ್ನೇಟ್ ಮಾಡುವವರು, ಅಂದರೆ ತೆರೆದ ಕೆಲಸವನ್ನು ಡಿಸ್ಕಿಗೆ ಉಳಿಸಿ ಕಂಪ್ಯೂಟರ್ ಆರಿಸುವವರು, ಮಾತ್ರ ರ್‍ಯಾಮ್‌ನಷ್ಟೋ ತುಸು ಹೆಚ್ಚೋ ಇಡಬೇಕು. ಕರೆಂಟು ಕೈಕೊಡುವ ಕಡೆ, ಅದು ಹೋಗುವ ಮೊದಲೇ ಹೈಬರ್ನೇಟ್ ಮಾಡುವುದೂ ಒಳ್ಳೆಯದೇ. ಸ್ವಾಪ್ ಹೆಚ್ಚಿಸಿದರೆ ವೇಗ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ, ಡಿಸ್ಕು ರ್‍ಯಾಮ್‌ಗಿಂತ ಬಲು ನಿಧಾನ. ಹಾಗಂತ ಸ್ವಾಪನ್ನು ಪೂರಾ ತೆಗೆದುಹಾಕಲೂಬೇಡಿ. ಅದಿಲ್ಲದಿದ್ದರೆ, ರ್‍ಯಾಮ್ ತುಂಬಿದಾಗ ಲಿನಕ್ಸ್ ಹೇಳದೆ ಕೇಳದೆ ಯಾವುದೋ ಪ್ರೋಗ್ರಾಂ ಮುಚ್ಚಿಬಿಡುತ್ತದೆ, ಅದರಲ್ಲಿ ನಿಮ್ಮ ಅರ್ಧ ಮುಗಿದ ಸೆರಗಿನ ಡಿಸೈನೂ ಹೋದೀತು. ಪಾರ್ಟಿಷನ್ ಬದಲು ಸ್ವಾಪ್ ಫೈಲ್ ಮಾಡಿಕೊಳ್ಳಿ, ಆಮೇಲೆ ಹಿಗ್ಗಿಸಬಹುದು. ಅದು ದಿನವೂ ತುಂಬುತ್ತಿದ್ದರೆ ರ್‍ಯಾಮ್ ಹಾಕಿಸಿ.